ಉಪ್ಪು ಬೀಳುವ ಹೊತ್ತು: ತೋಫು ಲೇಖನ ಕಳಿಸಿದವರಿಗೆ

ಸಿಂಧನೂರಿನಿಂದ ಬರೆದ ಸಹೋದರಿಗೆ,

ನಮಸ್ಕಾರ. ನಮ್ಮ ಅಡುಗೆ ಪುಟಕ್ಕೆ ನೀವು ಕಳಿಸಿದ ‘ಹತ್ತು ನಿಮಿಷದ ತಣ್ಣನೆ ತೋಫು’ ಎಂಬ ಲೇಖನವನ್ನು ಎರಡು ಸಲ ಓದಿದೆ. ಒಲೆ ಹಚ್ಚದೆ ಮಾಡುವ ಊಟ ಬಳ್ಳಾರಿ, ರಾಯಚೂರು ಕಡೆಯ ಬೇಸಿಗೆಗೆ ಬೇಕಾದದ್ದೇ. ವಿಷಯದ ಆಯ್ಕೆ ಚೆನ್ನಾಗಿದೆ. ಏಪ್ರಿಲ್‌ನಲ್ಲಿ ರೊಟ್ಟಿ ಬಡಿಯುವ ಹೆಂಗಸು ‘ಎರಡು ಬಿಸಿಲಿಗೆ ಕೂತಿರುತ್ತಾಳೆ’ ಎಂದಿದ್ದೀರಿ. ಆ ಸಾಲಿಗೆ ನಾನು ಕೈ ಹಚ್ಚುವುದಿಲ್ಲ. ಆದರೆ ಲೇಖನ ಈಗಿರುವಂತೆ ಅಚ್ಚಿಗೆ ಹೋಗದು. ಪ್ರೋಟೀನ್ ಬಗ್ಗೆ ಬರೆದ ಮೊದಲ ಎರಡು ಪ್ಯಾರಾ, ಕೊನೆಯಲ್ಲಿ ಕೊಟ್ಟ ಅಲಂಕಾರದ ಸಲಹೆಗಳು, ಇವನ್ನೆಲ್ಲ ಸದ್ಯ ಬದಿಗಿಡೋಣ. ಮಾಡುವ ವಿಧಾನದ ನಾಲ್ಕು ಸಾಲುಗಳಿವೆಯಲ್ಲ, ನನ್ನ ತಕರಾರೆಲ್ಲ ಅಲ್ಲಿದೆ.

ನಿಮ್ಮ ಸಾಲುಗಳನ್ನು ಹಾಗೇ ಎತ್ತಿ ಬರೆಯುತ್ತೇನೆ. ‘ಒಂದು ಪ್ಯಾಕೆಟ್ ತೋಫು ತುಂಡು ಮಾಡಿಕೊಳ್ಳಿ. ನಾಲ್ಕು ಚಮಚ ಸೋಯಾ ಸಾಸ್, ಸ್ವಲ್ಪ ಎಳ್ಳೆಣ್ಣೆ, ಲಿಂಬೆರಸ, ಬೆಳ್ಳುಳ್ಳಿ, ರುಚಿಗೆ ತಕ್ಕಷ್ಟು ಉಪ್ಪು ಕಲಸಿ. ತೋಫು ಮೇಲೆ ಸುರಿದು, ಮಸಾಲೆ ಒಳಗಿಳಿಯಲು ಅರ್ಧ ತಾಸು ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮಾಡಿಟ್ಟರೆ ಮಧ್ಯಾಹ್ನದ ಬುತ್ತಿಗೂ ಆಯಿತು.’

ಮೂರನೆಯ ಸಾಲಿನಿಂದ ಶುರು ಮಾಡುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಅದು. ತಲೆಬರಹದಲ್ಲಿ ಹತ್ತು ನಿಮಿಷ, ಇಲ್ಲಿ ಅರ್ಧ ತಾಸು. ಅದು ಹೋಗಲಿ. ‘ಮಸಾಲೆ ಒಳಗಿಳಿಯಲು’ ಎಂದು ಯಾಕೆ ಬರೆದಿರಿ? ಸೋಯಾ ಹಾಲಿಗೆ ಜಿಪ್ಸಂ ಎನ್ನುವ ಕ್ಯಾಲ್ಸಿಯಂ ಸಲ್ಫೇಟನ್ನೋ, ಜಪಾನಿನವರು ನಿಗಾರಿ ಎಂದು ಕರೆಯುವ, ಮುಖ್ಯವಾಗಿ ಮೆಗ್ನೀಸಿಯಂ ಕ್ಲೋರೈಡ್ ಇರುವ ಲವಣವನ್ನೋ ಬೆರೆಸಿದಾಗ ಅದರ ಪ್ರೋಟೀನ್ ಬಲೆಯ ಹಾಗೆ ಹೆಣೆದುಕೊಂಡು ನೀರನ್ನು ಹಿಡಿದು ನಿಲ್ಲಿಸುತ್ತದೆ. ಅದೇ ತೋಫು. ಮೃದುವಾದ ತೋಫು 100 ಗ್ರಾಂ ಇದ್ದರೆ ಅದರಲ್ಲಿ 85 ಗ್ರಾಮಿಗೂ ಹೆಚ್ಚು ನೀರೇ. ಗಟ್ಟಿ ತೋಫುವಿನಲ್ಲೂ ಮುಕ್ಕಾಲು ಪಾಲಿನ ಆಸುಪಾಸು ನೀರು. ಇದರ ಮೇಲೆ ಉಪ್ಪಿನ ಸಾಸು ಸುರಿದು ಬಿಟ್ಟರೆ ಒಳಗಿನ ನೀರು ಹೊರಗೆ ಇಳಿಯುತ್ತದೆ. ಅರ್ಧ ತಾಸಿನ ನಂತರ ನೋಡಿದರೆ ಬಟ್ಟಲಿನ ತಳದಲ್ಲಿ ಕಂದು ನೀರು ನಿಂತಿರುತ್ತದೆ, ಮೇಲಿನ ತುಂಡು ಸಪ್ಪಗಿರುತ್ತದೆ, ಎಣ್ಣೆ ಬೇರೆಯಾಗಿ ತೇಲುತ್ತಿರುತ್ತದೆ. ಬಣ್ಣ ಮಾತ್ರ ತುಸು ಒಳಗೆ ಹೋದಂತೆ ಕಾಣುತ್ತದೆ. ಘಮ, ಹುಳಿ, ಖಾರ ಯಾವುದೂ ನಡುವಿಗೆ ಮುಟ್ಟಿರುವುದಿಲ್ಲ.

ಇದು ನಿಮಗೆ ಗೊತ್ತಿಲ್ಲದ ಸಂಗತಿ ಎಂದು ನಾನು ಒಪ್ಪುವುದಿಲ್ಲ. ಸೌತೆಕಾಯಿ ಪಚ್ಚಡಿಗೆ ಉಪ್ಪು ಯಾವಾಗ ಹಾಕುತ್ತೀರಿ? ತಾಟಿಗೆ ರೊಟ್ಟಿ ಬಿದ್ದ ಮೇಲೆ. ಕೋಸಂಬರಿಗೂ ಹಾಗೇ: ಬೇಳೆ ನೆನೆಸಿ ಬಸಿದು, ಸೌತೆಕಾಯಿ ಹೆಚ್ಚಿಟ್ಟು, ಎಲೆಗೆ ಬಡಿಸುವ ಹೊತ್ತಿಗೆ ಉಪ್ಪು, ಲಿಂಬೆ. ಮುಂಚೆ ಹಾಕಿದರೆ ನೀರೊಡೆಯುತ್ತದೆ ಎಂದು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ತೋಫು ಹೊಸ ಪದಾರ್ಥ ಎಂದ ಕೂಡಲೇ ಆ ತಿಳಿವಳಿಕೆಯನ್ನು ಬಾಗಿಲಾಚೆ ಬಿಟ್ಟು ಬಂದಿರಿ. ನನ್ನ ಬೇಸರ ಅದಕ್ಕೆ. ಜಪಾನಿನಲ್ಲಿ ಬೇಸಿಗೆಗೆ ತಿನ್ನುವ ‘ಹಿಯಾಯಾಕ್ಕೊ’ ಕೂಡ ಇದೇ ಕ್ರಮದ್ದು. ತಣ್ಣನೆ ತೋಫು ಬಟ್ಟಲಿಗೆ ಬಂದ ಮೇಲೆ ತುರಿದ ಶುಂಠಿ, ಉಳ್ಳಾಗಡ್ಡಿ ತಪ್ಪಲು, ಒಣಮೀನಿನ ತೆಳು ಎಸಳು, ಕಟ್ಟಕಡೆಗೆ ಸೋಯಾ ಸಾಸ್. ಸುರಿದ ಕೂಡಲೇ ಚಮಚ ಹಾಕಿ ತಿನ್ನುತ್ತಾರೆ.

ಹಾಗಾದರೆ ಸಪ್ಪೆ ತೋಫುಗೆ ರುಚಿ ಹತ್ತುವುದು ಹೇಗೆ? ಮೊದಲು ನೀರು ತೆಗೆಯಬೇಕು, ಆಮೇಲೆ ಸಾಸು ನಿಲ್ಲುವಂಥ ಮೈ ಮಾಡಬೇಕು. ಇಲ್ಲಿ ನಿಮ್ಮ ಒಂದನೆಯ ಸಾಲು ಅಡ್ಡ ಬರುತ್ತದೆ. ‘ಒಂದು ಪ್ಯಾಕೆಟ್ ತೋಫು’ ಎಂದರೆ ಯಾವ ತೋಫು? ನಮ್ಮ ಊರುಗಳ ಅಂಗಡಿಯ ಫ್ರಿಜ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಗಟ್ಟಿಯದು, ಎಷ್ಟೋ ಸಲ ‘ಸೋಯಾ ಪನೀರ್’ ಎಂಬ ಹೆಸರಿನಲ್ಲಿ, 200 ಗ್ರಾಮಿನ ಪೊಟ್ಟಣ. ನೀವು ಫೋಟೊದಲ್ಲಿ ತೋರಿಸಿರುವುದು ಕೆನೆಮೊಸರಿನಂತೆ ಅಲುಗಾಡುವ ಸಿಲ್ಕನ್ ತೋಫು. ಓದುಗ ಗಟ್ಟಿಯದನ್ನು ತಂದು ನಿಮ್ಮ ಫೋಟೊ ನೋಡಿದರೆ ತನ್ನದೇ ತಪ್ಪು ಎಂದುಕೊಳ್ಳುತ್ತಾನೆ. ಎರಡಕ್ಕೂ ಕೆಲಸ ಬೇರೆ.

ಗಟ್ಟಿ ತೋಫು ಆದರೆ ಪೊಟ್ಟಣದ ನೀರು ಚೆಲ್ಲಿ, ಎರಡು ಮಡಿಕೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ತಾಟು, ತಾಟಿನ ಮೇಲೆ ಒಂದು ಕಿಲೋ ಸಕ್ಕರೆಯ ಪೊಟ್ಟಣ ಇಟ್ಟು 15ರಿಂದ 20 ನಿಮಿಷ ಬಿಡಬೇಕು. ಬೇಸಿಗೆಯಾದರೆ ಅದೂ ಫ್ರಿಜ್‌ನೊಳಗೇ. ಎರಡು ಕಿಲೋ ಹೇರಿದರೆ ಅಂಚು ಬಿರಿಯುತ್ತದೆ. ಆಮೇಲೆ ಚಾಕುವಿನಿಂದ ಅಚ್ಚುಕಟ್ಟಾದ ಚೌಕ ಮಾಡಬೇಡಿ. ನುಣುಪು ಮುಖದಿಂದ ಸಾಸು ಜಾರಿ ಹೋಗುತ್ತದೆ. ಕೈಯಿಂದ ಹುಣಸೆಬೀಜಕ್ಕಿಂತ ತುಸು ದೊಡ್ಡದಾಗಿ ಮುರಿಯಿರಿ. ಒರಟು ಮೈಯ ಸಂದುಗಳಲ್ಲಿ ಸಾಸು ಕೂರುತ್ತದೆ. ಕತ್ತರಿಸಲೇಬೇಕು ಎಂದರೆ ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ. ಎರಡು ಸೆಂಟಿಮೀಟರ್ ಚೌಕ ಬಾಯಿಗೆ ಹೋದರೆ ಮೇಲೆ ಉಪ್ಪು, ಒಳಗೆ ಬರೀ ಹಿಟ್ಟು.

ಸಿಲ್ಕನ್ ಸಿಕ್ಕರೆ ಅದರ ಮೇಲೆ ಭಾರ ಇಡಲೇಬಾರದು, ಪುಡಿಯಾಗುತ್ತದೆ. ಡಬ್ಬಿಯ ಮೂಲೆ ಕತ್ತರಿಸಿ ಗಾಳಿ ಬಿಟ್ಟು, ಬಟ್ಟೆ ಹಾಸಿದ ತಾಟಿನ ಮೇಲೆ ಬೋರಲು ಹಾಕಿ, ತಾಟಿನ ಒಂದು ಬದಿ ತುಸು ಎತ್ತರಿಸಿ ಹತ್ತು ನಿಮಿಷ ಬಿಟ್ಟರೆ ಸಾಕು. ಇದನ್ನು ದೊಡ್ಡ ತುಂಡು ಮಾಡಬಹುದು, ಯಾಕೆಂದರೆ ಬಾಯಲ್ಲಿ ಸಾಸಿನ ಜೊತೆ ತಾನೇ ಕರಗಿ ಬೆರೆಯುತ್ತದೆ. ಇನ್ನು ‘ತೋಫು ಇಲ್ಲದಿದ್ದರೆ ಪನೀರ್ ಹಾಕಿ’ ಎಂದು ಆವರಣದಲ್ಲಿ ಬರೆದಿದ್ದೀರಿ. ಅದನ್ನು ಹೊಡೆದು ಹಾಕಿ. ಫ್ರಿಜ್‌ನಿಂದ ತೆಗೆದ ಪನೀರ್ ಗಟ್ಟಿಯಾಗಿ ಹಲ್ಲಿಗೆ ರಬ್ಬರಿನಂತೆ ಸಿಗುತ್ತದೆ. ತಣ್ಣಗೆ ತಿನ್ನುವ ಈ ಪದಾರ್ಥಕ್ಕೆ ಅದು ಹೊಂದದು.

ಈಗ ಎರಡನೆಯ ಸಾಲು. ‘ನಾಲ್ಕು ಚಮಚ’, ಯಾವ ಚಮಚ? ಚಹಾ ಚಮಚ 5 ಮಿಲಿ, ಟೇಬಲ್ ಚಮಚ 15 ಮಿಲಿ. ಒಂದು ಮನೆಯಲ್ಲಿ 20 ಮಿಲಿ ಬೀಳುತ್ತದೆ, ಇನ್ನೊಂದರಲ್ಲಿ 60. ಸಾಮಾನ್ಯ ಸೋಯಾ ಸಾಸಿನ ಒಂದು ಟೇಬಲ್ ಚಮಚದಲ್ಲಿ ಹೆಚ್ಚುಕಡಿಮೆ ಎರಡೂವರೆ ಗ್ರಾಂ ಉಪ್ಪಿರುತ್ತದೆ. ಅಂದರೆ ನಾಲ್ಕು ಟೇಬಲ್ ಚಮಚಕ್ಕೆ ಸುಮಾರು ಹತ್ತು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಇಷ್ಟರ ಮೇಲೆ ನೀವು ‘ರುಚಿಗೆ ತಕ್ಕಷ್ಟು ಉಪ್ಪು’ ಬೇರೆ ಹಾಕಿಸುತ್ತೀರಿ! ಬೇಯುವ ಸಾರಿಗೆ ಉಪ್ಪು ಹೆಚ್ಚಾದರೆ ನೀರು ಹಾಕಿ ಕುದಿಸಬಹುದು, ಬೇಳೆ ಸೇರಿಸಬಹುದು. ಇಲ್ಲಿ ಒಲೆ ಇಲ್ಲ, ತಿದ್ದಲು ಎರಡನೆಯ ಅವಕಾಶವೂ ಇಲ್ಲ. ಒಲೆ ಮಾಡುವ ಕೆಲಸವನ್ನೆಲ್ಲ ಅಳತೆ, ಕ್ರಮ, ಗಡಿಯಾರ ಈ ಮೂರೇ ಮಾಡಬೇಕು. ನಿಮ್ಮ ಬರಹದಲ್ಲಿ ಕಾಣೆಯಾಗಿರುವುದೂ ಆ ಮೂರೇ.

ನಾನು ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಅಡುಗೆ ಪುಟ ನೋಡುತ್ತಿದ್ದ ಹಿರಿಯರು ಬಂದ ಪ್ರತಿ ಲೇಖನವನ್ನೂ ಎರಡು ಕಾಲಮ್ಮಿನಲ್ಲಿ ಮರುಬರೆಸುತ್ತಿದ್ದರು. ಎಡಗಡೆ ಕೈ ಏನು ಮಾಡುತ್ತದೆ, ಬಲಗಡೆ ಎಷ್ಟು, ಎಷ್ಟು ಹೊತ್ತು. ಬಲಗಡೆ ಖಾಲಿ ಉಳಿದ ಸಾಲು ವಾಪಸ್. ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳವೊಂದು ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಮನೆಯ ಚಮಚಕ್ಕೆ ಎಷ್ಟು ಮಿಲಿ ಹಿಡಿಯುತ್ತದೆ ಎಂದು ಅದರಿಂದಲೇ ನೋಡಲು ಹೇಳುತ್ತಿದ್ದರು. ಇವತ್ತಿಗೂ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ನಿಮ್ಮ ನಾಲ್ಕು ಸಾಲುಗಳನ್ನು ಹಾಗೆ ಬರೆದು ನೋಡಿದೆ. ಬಲಗಡೆ ನಿಂತದ್ದು ‘ನಾಲ್ಕು’ ಮತ್ತು ‘ಅರ್ಧ ತಾಸು’ ಮಾತ್ರ, ಎರಡೂ ತಪ್ಪು.

200 ಗ್ರಾಂ ಗಟ್ಟಿ ತೋಫು, ಇಬ್ಬರಿಗೆ ಎಂದಿಟ್ಟುಕೊಳ್ಳಿ. ಸೋಯಾ ಸಾಸ್ ಒಂದು ಟೇಬಲ್ ಚಮಚ, ಲಿಂಬೆರಸ ಎರಡು ಚಹಾ ಚಮಚ, ಸಕ್ಕರೆ ಅಥವಾ ಪುಡಿಬೆಲ್ಲ ಅರ್ಧ ಚಹಾ ಚಮಚ, ಹುರಿದ ಎಳ್ಳಿನ ಎಣ್ಣೆ ಒಂದು ಚಹಾ ಚಮಚ, ಬೆಳ್ಳುಳ್ಳಿಯ ಒಂದು ಸಣ್ಣ ಎಸಳು, ತುರಿದ ಶುಂಠಿ ಅರ್ಧ ಚಹಾ ಚಮಚ, ಒಂದು ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ತಪ್ಪಲು ಎರಡು ಟೇಬಲ್ ಚಮಚ. ಉಪ್ಪು ಬೇರೆ ಬೇಡ. ಸೋಯಾ ಸಾಸಿನ ಬಾಟಲಿಯ ಮೇಲೆ ‘ಡಾರ್ಕ್’ ಎಂದಿದ್ದರೆ ಕ್ಯಾರಮೆಲ್ ಬಣ್ಣದಿಂದ ಬಿಳಿ ತೋಫು ಕಪ್ಪಾಗುತ್ತದೆ, ‘ಲೈಟ್’ ಎಂದಿರುವುದನ್ನು ತರಲು ಹೇಳಿ. ಲೈಟ್ ಎಂದರೆ ಉಪ್ಪು ಕಡಿಮೆ ಎಂದಲ್ಲ, ಬಣ್ಣ ತಿಳಿ ಎಂದಷ್ಟೇ, ಇದನ್ನೂ ಬರೆಯಿರಿ.

ಕಲಸುವ ಕ್ರಮ ನೀವು ಬರೆದೇ ಇಲ್ಲ. ಬೆಳ್ಳುಳ್ಳಿಯನ್ನು ಜಜ್ಜಿ ಮೊದಲು ಲಿಂಬೆರಸದಲ್ಲಿ ಹಾಕಿ ಹತ್ತು ನಿಮಿಷ ಬಿಡಬೇಕು. ಹುಳಿಯಲ್ಲಿ ಅದರ ಹಸಿ ಘಾಟು ತಗ್ಗುತ್ತದೆ. ಒಗ್ಗರಣೆ ಇಲ್ಲದ ಅಡುಗೆಯಲ್ಲಿ ಈ ಹೆಜ್ಜೆ ಬಿಟ್ಟರೆ ಸಂಜೆಯವರೆಗೆ ಬಾಯಲ್ಲಿ ಬೆಳ್ಳುಳ್ಳಿಯೇ. ಆಮೇಲೆ ಸೋಯಾ ಸಾಸ್, ಬೆಲ್ಲ ಹಾಕಿ ಪೂರ್ತಿ ಕರಗಿಸಿ. ಎಣ್ಣೆ ಕೊನೆಗೆ. ಎಣ್ಣೆ ಮೊದಲು ಬಿದ್ದರೆ ಬೆಲ್ಲದ ಹರಳಿಗೆ ಮೆತ್ತಿಕೊಂಡು ಅದು ಬೇಗ ಕರಗದೆ ತಳದಲ್ಲಿ ಕೂರುತ್ತದೆ. ತೋಫು ಭಾರದ ಕೆಳಗಿರುವಾಗಲೇ ಇದೆಲ್ಲ ಮುಗಿಯುತ್ತದೆ. ಹಾಗಾಗಿ ಕೈಗೆಲಸ ಹತ್ತು ನಿಮಿಷ, ಒಟ್ಟು ಹೊತ್ತು 25 ನಿಮಿಷ ಎಂದು ತಲೆಬರಹದ ಕೆಳಗೆ ನಿಜ ಬರೆಯಿರಿ. ಯಾರೂ ಓಡಿ ಹೋಗುವುದಿಲ್ಲ.

‘ಸ್ವಲ್ಪ ಎಳ್ಳೆಣ್ಣೆ’ಯಲ್ಲೂ ಒಂದು ಗುಂಡಿಯಿದೆ. ನಮ್ಮ ಗಾಣದ ಎಳ್ಳೆಣ್ಣೆ ಹುರಿಯದ ಎಳ್ಳಿನದು. ಚೀನಾ, ಜಪಾನ್, ಕೊರಿಯಾದ ಈ ಬಗೆಯ ಸಾಸಿಗೆ ಹಾಕುವುದು ಹುರಿದ ಎಳ್ಳಿನಿಂದ ತೆಗೆದ ಕಂದು ಎಣ್ಣೆ. ಇಡೀ ತಟ್ಟೆಯ ಘಮ ಅದರಿಂದಲೇ ಬರಬೇಕು. ಅದು ಸಿಗದ ಊರಿನಲ್ಲಿ ಏನು ಮಾಡುವುದು? ನಿಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಉತ್ತರವಿದೆ: ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಪುಡಿ. ಹುರಿದು ಕುಟ್ಟಿದ್ದು, ಎಣ್ಣೆಯಂಶ ಇರುವುದು, ಖಾರವೂ ಬೆಳ್ಳುಳ್ಳಿಯೂ ಅದರಲ್ಲೇ ಇದೆ. ಎರಡು ಚಹಾ ಚಮಚ ಗುರೆಳ್ಳು ಪುಡಿ, ಒಂದು ಚಹಾ ಚಮಚ ಹಸಿ ಶೇಂಗಾ ಎಣ್ಣೆ. ಆಗ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಬೇಡ. ಪುಡಿಯಲ್ಲಿ ಉಪ್ಪಿರುವುದರಿಂದ ಸೋಯಾ ಸಾಸನ್ನು ಎರಡು ಚಹಾ ಚಮಚಕ್ಕೆ ಇಳಿಸಬೇಕು. ಶೇಂಗಾ ಪುಡಿಯೂ ನಡೆಯುತ್ತದೆ, ಆದರೆ ಅದು ನೀರು ಹೀರಿ ಗಟ್ಟಿಯಾಗುತ್ತದೆ. ಒಂದು ಚಹಾ ಚಮಚ ತಣ್ಣೀರು ಜಾಸ್ತಿ ಬೇಕು. ರಾಯಚೂರು ಜಿಲ್ಲೆಯಿಂದ ಬರೆಯುವವರು ಗುರೆಳ್ಳಿನ ಮಾತೆತ್ತದೆ ಎಳ್ಳೆಣ್ಣೆಯ ಮುಂದೆ ‘ಸ್ವಲ್ಪ’ ಎಂದು ಬರೆದು ಮುಂದೆ ಹೋದದ್ದು ನನಗೆ ನಿಜವಾಗಿ ನೋವಾಯಿತು.

ನಾಲ್ಕನೆಯ ಸಾಲು, ಬುತ್ತಿ. ಇದನ್ನು ನಾನು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ. ಬೇಯಿಸದೆ ತಿನ್ನುವ, ನೀರು ತುಂಬಿದ, ಪ್ರೋಟೀನ್ ಪದಾರ್ಥ ಇದು. ಕೆಡಲು ಬೇಕಾದದ್ದೆಲ್ಲ ಅದರಲ್ಲಿದೆ. 32 ಡಿಗ್ರಿ ದಾಟಿದ ಬಿಸಿಲಿನಲ್ಲಿ ಇಂಥ ಆಹಾರ ಫ್ರಿಜ್‌ನ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇರಬಾರದು. ಮೇ ತಿಂಗಳ ರಾಯಚೂರಿನಲ್ಲಿ 40 ದಾಟುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಬುತ್ತಿ ಬೇಕೇ ಬೇಕೆಂದರೆ ತೋಫು ಒಂದು ಡಬ್ಬಿ, ಸಾಸು ಇನ್ನೊಂದು, ಸುತ್ತ ಐಸ್ ಇಟ್ಟ ಚೀಲ, ತಿನ್ನುವಾಗ ಕಲಸುವುದು. ಅಷ್ಟು ಬರೆಯಲು ಸಿದ್ಧರಿದ್ದರೆ ಬರೆಯಿರಿ, ಇಲ್ಲವಾದರೆ ಸಾಲು ಬಿಡಿ. ಪೊಟ್ಟಣ ಉಬ್ಬಿದ್ದರೆ, ನೀರು ಲೋಳೆಯಾಗಿದ್ದರೆ, ಹುಳಿವಾಸನೆ ಬಂದರೆ ಎಸೆಯಬೇಕು, ತೊಳೆದು ಬಳಸುವ ಪ್ರಶ್ನೆಯಿಲ್ಲ. ರಾತ್ರಿಯೆಲ್ಲ ಕರೆಂಟ್ ಹೋಗಿದ್ದ ಫ್ರಿಜ್‌ನ ತೋಫುವನ್ನೂ ಈ ಅಡುಗೆಗೆ ನಂಬಬಾರದು. ಮುಚ್ಚಿದ ಪೊಟ್ಟಣದ್ದನ್ನೇ ತರಬೇಕು ಎಂದೂ ಸೇರಿಸಿ. ತೊಟ್ಟಿಯ ನೀರಿನಲ್ಲಿ ತೇಲುವ ಬಿಡಿ ತೋಫು ಸಿಕ್ಕರೆ ಅದನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಕುದಿಸಿ ತಣಿಸಬೇಕು, ಆಗ ಇದು ಒಲೆ ಹಚ್ಚದ ಅಡುಗೆಯಲ್ಲ. ಒಡೆದ ಪೊಟ್ಟಣದಲ್ಲಿ ಉಳಿದದ್ದನ್ನು ಮುಳುಗುವಷ್ಟು ಶುದ್ಧ ನೀರಿನಲ್ಲಿ ಫ್ರಿಜ್‌ನೊಳಗೆ ಮುಚ್ಚಿಟ್ಟು, ದಿನಕ್ಕೊಮ್ಮೆ ನೀರು ಬದಲಿಸಿ, ಮೂರು ದಿನದೊಳಗೆ ಬೇಯಿಸಿ ತಿನ್ನುವುದು ಒಳ್ಳೆಯದು.

ಮತ್ತೆ ಬರೆದು ಕಳಿಸಿ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಬೇಕು. ಒಂದೇ ಪೊಟ್ಟಣದ ತೋಫುವನ್ನು ಭಾರ ಇಟ್ಟು ನೀರು ಬಸಿದು, ತೂಗಿ ಸಮ ಎರಡು ಪಾಲು ಮಾಡಿ. ಮೇಲೆ ಹೇಳಿದ ಸಾಸನ್ನೂ ಸಮನಾಗಿ ಹಂಚಿ. ಒಂದು ಪಾಲಿಗೆ ಈಗಲೇ ಸುರಿದು ಅರ್ಧ ತಾಸು ಫ್ರಿಜ್‌ನಲ್ಲಿಡಿ, ಇನ್ನೊಂದಕ್ಕೆ ತಿನ್ನುವಾಗ ಸುರಿಯಿರಿ. ಎರಡೂ ಬಟ್ಟಲುಗಳ ತಳದಲ್ಲಿ ನಿಂತದ್ದನ್ನು ಔಷಧಿ ಮುಚ್ಚಳಕ್ಕೆ ಬಗ್ಗಿಸಿ ಎಷ್ಟೆಷ್ಟು ಮಿಲಿ ಎಂದು ನೋಡಿ. ಆ ಎರಡು ಅಂಕಿಗಳನ್ನು ಲೇಖನದ ಮೂರನೆಯ ಸಾಲಿನ ಜಾಗದಲ್ಲಿ ಹಾಕಿ ಕಳಿಸಿ, ಕಾಯುತ್ತಿರುತ್ತೇನೆ.