ಪ್ರತಿಕ್ರಿಯೆ: ಕನ್ನಡಕವೊಂದೇ ಸಾಲದು, ರೆಟಿನಾ ಪರೀಕ್ಷೆಯೂ ಬೇಕು

ನಮಸ್ಕಾರ. ಸ್ಪಾಂಡಿಲೋಎಪಿಫೈಸಿಯಲ್ ಡಿಸ್‌ಪ್ಲೇಸಿಯಾ ಕಂಜೆನಿಟಾ (ಬೆನ್ನುಮೂಳೆ ಮತ್ತು ಕೈಕಾಲುಗಳ ಮೂಳೆಗಳ ಬೆಳವಣಿಗೆಯನ್ನು ಬಾಧಿಸುವ, ಹುಟ್ಟಿನಿಂದಲೇ ಬರುವ ಅಪರೂಪದ ಆನುವಂಶಿಕ ಕಾಯಿಲೆ) ಇರುವ ನಿಮ್ಮ ನಾಲ್ಕು ವರ್ಷದ ಮಗಳಿಗೆ ಮೈನಸ್ 7ರ ಕನ್ನಡಕ ಬಂದಿದೆ, ನಂಬರ್ ಬದಲಾದಾಗ ಕನ್ನಡಕ ಬದಲಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಈ ಕಾಯಿಲೆಯಲ್ಲಿ ದೋಷಕ್ಕೊಳಗಾಗುವ ಟೈಪ್ 2 ಕೊಲಾಜನ್ ಎಂಬ ಪ್ರೋಟೀನ್ ಮೃದ್ವಸ್ಥಿಯಲ್ಲಷ್ಟೇ ಅಲ್ಲದೆ ಕಣ್ಣಿನೊಳಗೆ ತುಂಬಿರುವ ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆಯಲ್ಲೂ ಇರುವುದರಿಂದ, ಸಮೀಪದೃಷ್ಟಿಯ ಜೊತೆಗೆ ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಹರಿದು ಕಳಚಿಕೊಳ್ಳುವ ಅಪಾಯವೂ ಇರುತ್ತದೆ. ಆದ್ದರಿಂದ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ರೆಟಿನಾದ ಅಂಚಿನವರೆಗೂ ನೋಡುವ ಪರೀಕ್ಷೆಯನ್ನು ರೆಟಿನಾ ತಜ್ಞರಿಂದಲೇ ನಿಯಮಿತವಾಗಿ ಮಾಡಿಸಿ. ಎಷ್ಟು ತಿಂಗಳಿಗೊಮ್ಮೆ ಎಂಬುದನ್ನು ಅವರೇ ನಿರ್ಧರಿಸಲಿ. ಒಂದು ಕಣ್ಣು ಮಂಜಾದರೂ ಈ ವಯಸ್ಸಿನ ಮಗು ಬಾಯಿಬಿಟ್ಟು ಹೇಳುವುದಿಲ್ಲ. ಆಟವಾಡಿಸುತ್ತಲೇ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ: ಒಂದು ಕಡೆ ಮುಚ್ಚಿದಾಗ ಮಾತ್ರ ಅವಳು ಕೈ ತಳ್ಳಿ ಗೊಣಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನೊಂದು ಮುಖ್ಯ ವಿಷಯವಿದೆ. ಈ ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲವಾಗಿರಬಹುದಾದ್ದರಿಂದ, ಅರಿವಳಿಕೆ ಕೊಟ್ಟು ಪರೀಕ್ಷಿಸಬೇಕಾಗಿ ಬಂದಲ್ಲಿ ಕಾಯಿಲೆಯ ಹೆಸರನ್ನು ಅರಿವಳಿಕೆ ತಜ್ಞರಿಗೆ ಮುಂಚಿತವಾಗಿಯೇ ತಿಳಿಸಿ, ಕತ್ತಿನ ಎಕ್ಸ್‌ರೇ ಆಗಿದೆಯೇ ಎಂದು ದಯವಿಟ್ಟು ನೀವೇ ಕೇಳಿ.