ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮೊದಲು ಕಂಪ್ಯೂಟರ್ ಕ್ಯಾಬಿನೆಟ್ ಹೊರಗೆ ತೆಗೆದಿಟ್ಟು ಆಡಿ ನೋಡಿ

ನಮಸ್ಕಾರ, ಪಾಂಡವಪುರದ ಗೆಳೆಯರಿಗೆ. ನಿಮ್ಮ ಕಂಪ್ಯೂಟರ್‌ನಲ್ಲಿರುವುದು ರೈಜನ್ 5 5600 ಸಿಪಿಯು (ಪ್ರೊಸೆಸರ್), ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಒಂದೇ ರ‍್ಯಾಮ್ (ಮೆಮೊರಿ) ಸ್ಟಿಕ್. ಗೇಮ್ ಶುರುವಿನಲ್ಲಿ ಸೆಕೆಂಡಿಗೆ 120 ಫ್ರೇಮ್ (ಚಿತ್ರ) ಬರುತ್ತದೆ, ಇಪ್ಪತ್ತು ನಿಮಿಷ ಆಡಿದ ಮೇಲೆ 45ಕ್ಕೆ ಬೀಳುತ್ತದೆ, ಕಬ್ಬಿನ ದುಡ್ಡು ಬಂದಾಗ ಅಪ್ಪ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಡಿಸ್ತಾರೆ ಅಂತ ಬರೆದಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಕಾರ್ಡ್‌ಗೆ ಶಕ್ತಿ ಸಾಲದಿದ್ದರೆ ಮೊದಲ ನಿಮಿಷದಲ್ಲೇ ಎಳೆದಾಡುತ್ತಿತ್ತು ಅಲ್ವಾ? ಚೆನ್ನಾಗಿ ಓಡಿ ಆಮೇಲೆ ಕುಸಿಯುತ್ತಿದೆ ಅಂದರೆ ನನ್ನ ಅನುಮಾನ ಬಿಸಿಯ ಮೇಲೆ.

ಸುಮ್ನೆ ಊಹೆ ಬೇಡ, ಅಳೆದು ನೋಡಿ. ಬಿಸಿ, ವೇಗ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದು ಉಚಿತ. ಸಿಪಿಯು ಮತ್ತು ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಎರಡರದ್ದೂ ಬಿಸಿ, ಕ್ಲಾಕ್ (ಓಡುವ ವೇಗ), ಬಳಕೆ ಸ್ಕ್ರೀನ್ ಮೂಲೆಯಲ್ಲಿ ಕಾಣುವ ಹಾಗೆ ಮಾಡಿ, ಫ್ರೇಮ್ ಬೀಳುವವರೆಗೆ ಆಡಿ. ನಿಮ್ಮ 5600 ಸಿಪಿಯುಗೆ ಬಿಸಿಯ ಮಿತಿ 90 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಆಗ ಕಾರ್ಡ್ ಸಿಪಿಯುಗಾಗಿ ಕಾಯುತ್ತಾ ಕೂರುತ್ತದೆ, ಅದರ ಬಳಕೆಯೂ ಇಳಿಯುತ್ತದೆ. ಅದನ್ನು ನೋಡಿ ಕಾರ್ಡೇ ಕೆಟ್ಟಿದೆ ಅಂದುಕೊಳ್ಳುವವರು ಜಾಸ್ತಿ.

ನಿಮ್ಮ ಫೋಟೋದಲ್ಲಿ ಕ್ಯಾಬಿನೆಟ್ ಟೇಬಲ್ಲಿನ ಮರದ ಗೂಡಿನೊಳಗಿದೆ. ಹಿಂದೆ ಗೋಡೆ, ಬಿಸಿಗಾಳಿ ಹೋಗೋಕೆ ದಾರಿಯೇ ಇಲ್ಲ. ಹೊರಬಂದ ಬಿಸಿಯನ್ನೇ ಮುಂದಿನ ಫ್ಯಾನ್ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಮಂಡ್ಯ ಕಡೆಯ ಏಪ್ರಿಲ್ ಸೆಕೆಯಲ್ಲಿ ಕೇಳಬೇಕೇ! ಇವತ್ತೇ ಹೊರಗೆ ತೆಗೆದಿಟ್ಟು, ಪಕ್ಕದ ಬಾಗಿಲು ಬಿಚ್ಚಿ ಆಡಿ. ಫ್ರೇಮ್ ಬೀಳದೆ ಗಟ್ಟಿಯಾಗಿ ನಿಂತರೆ ಕಾರಣ ಸಿಕ್ಕಿತು, ಒಂದು ರೂಪಾಯಿ ಖರ್ಚಿಲ್ಲದೆ. ಆದರೆ ಬಾಗಿಲು ಯಾವಾಗಲೂ ತೆಗೆದಿಡಬೇಡಿ, ಧೂಳು ತುಂಬುತ್ತದೆ, ಹಲ್ಲಿ ಸೇರುತ್ತದೆ.

ಮನೆ ಹತ್ತಿರ ಆಲೆಮನೆ ಇದೆ ಅಂದಿರಿ. ಹಾಗಾದರೆ ಬೂದಿ, ಮಸಿ ಸಿಪಿಯು ತಣಿಸುವ ಕೂಲರ್‌ನ ಲೋಹದ ಎಲೆಗಳ ನಡುವೆ ಕೂತಿರುತ್ತದೆ. ಪವರ್ ವೈರ್ ಕಿತ್ತು, ಮೆತ್ತನೆ ಬ್ರಷ್ ಮತ್ತು ಸಣ್ಣ ಬ್ಲೋವರ್‌ನಿಂದ ಕ್ಲೀನ್ ಮಾಡಿ. ಗಾಳಿ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡ. ಆ ಟ್ಯಾಂಕಿನಲ್ಲಿ ನೀರಿನಂಶ ಇರುತ್ತದೆ, ಒತ್ತಡವೂ ವಿಪರೀತ.

ಆಮೇಲೂ 90 ಮುಟ್ಟಿದರೆ ಸಿಪಿಯು ಮತ್ತು ಕೂಲರ್ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿ. ಇಲ್ಲಿ ಒಂದು ಎಚ್ಚರಿಕೆ. ಬಿಚ್ಚುವ ಮೊದಲು ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬಿಸಿ ಮಾಡಿ, ಕಂಪ್ಯೂಟರ್ ಆಫ್ ಮಾಡಿ ವೈರ್ ಕಿತ್ತು, ಸ್ಕ್ರೂ ತೆಗೆದ ಮೇಲೆ ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಎತ್ತಿ. ನೇರವಾಗಿ ಎಳೆದರೆ ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಸಿಪಿಯು ಕೂಡ ಕಿತ್ತು ಬರಬಹುದು. ಇದರ ಪಿನ್ನುಗಳು ಸಿಪಿಯುನ ಅಡಿಯಲ್ಲೇ ಇರುವುದರಿಂದ ಬಾಗಿದರೆ ಕಷ್ಟ. ಕೈ ನಡುಗುತ್ತದೆ ಅನ್ನಿಸಿದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ದುಡ್ಡು ಹಾಕಲೇಬೇಕು ಅನ್ನಿಸಿದರೆ ರ‍್ಯಾಮ್‌ಗೆ ಹಾಕಿ. ಒಂದೇ ಸ್ಟಿಕ್ ಇದ್ದರೆ ಮೆಮೊರಿಯ ಎರಡು ದಾರಿಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ. ಅದೇ ಮಾಡೆಲ್‌ನ ಇನ್ನೊಂದು ಸ್ಟಿಕ್ ತನ್ನಿ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಸಾಮಾನ್ಯವಾಗಿ ಸಿಪಿಯು ಕಡೆಯಿಂದ ಎರಡನೆಯದು, ನಾಲ್ಕನೆಯದರಲ್ಲಿ ಕೂರಿಸಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ವೇಗವನ್ನೂ ನೋಡಿ. 3200 ವೇಗದ ಸ್ಟಿಕ್ ಇದ್ದೂ 2400 ಅಥವಾ 2666 ತೋರಿಸಿದರೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಆಗಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಅಂತ ಹೆಸರು.

ಇನ್ನೊಂದು ಮಾತು. ಫ್ರೇಮ್ ಸಂಖ್ಯೆ ಗಟ್ಟಿಯಾಗಿದ್ದೂ ಎದುರಾಳಿ ಅಲ್ಲಿಂದಿಲ್ಲಿಗೆ ಹಾರಿದ ಹಾಗೆ ಕಂಡರೆ ಅದು ನೆಟ್ ತೊಂದರೆ. ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ.

ಫ್ರೇಮ್ ಬಿದ್ದ ಹೊತ್ತಿನ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ಅಂಕಿ ನೋಡಿ ಮುಂದಿನದು ಹೇಳುತ್ತೇನೆ.