ಹದಿನೇಳರ ಗುಟ್ಟು ಪಕ್ಕದ ಹದಿನಾರರಲ್ಲಿ

ಪ್ರಶ್ನೆ: ಅಂಕೋಲಾದಲ್ಲಿ ಹೆದ್ದಾರಿ ಪಕ್ಕದಲ್ಲೇ ನಮ್ಮ ಮನೆ. ನಂಬರ್ ಬದಲಾಗಿ 66 ಆಗಿದ್ದರೂ ನಮ್ಮ ಬಾಯಲ್ಲಿ ಅದು ಈಗಲೂ ಎನ್‌ಎಚ್ 17. ಮೊನ್ನೆ ಎಂಟನೇ ಕ್ಲಾಸಿನ ಮಗಳು ‘17 ಅವಿಭಾಜ್ಯ ಸಂಖ್ಯೆ, 66 ಅಲ್ಲ’ ಅಂದಳು. ಅವಿಭಾಜ್ಯ ಸಂಖ್ಯೆಗಳು ಬೇಕಾದಷ್ಟಿವೆ ಅಲ್ವಾ ಸರ್, 17ರಲ್ಲಿ ಬೇರೆ ಏನಾದರೂ ವಿಶೇಷ ಇದೆಯಾ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಇದೆ. ಮಗಳು ಹೇಳಿದ್ದೂ ಸರಿ. 66 ತೆಂಗಿನಕಾಯಿಯನ್ನು ಆರು ಸಾಲಿನಲ್ಲಿ ಹನ್ನೊಂದರಂತೆ ಜೋಡಿಸಬಹುದು. 17 ಕಾಯಿಗೆ ಒಂದೇ ಉದ್ದ ಸಾಲು, ಬೇರೆ ದಾರಿಯಿಲ್ಲ.

ಆದರೆ ನನ್ನ ಕೇಳಿದರೆ 17ರ ಮಜಾ ಇರೋದು ಅದರ ಪಕ್ಕದ ಮನೆಯಲ್ಲಿ, ಅಂದರೆ 16ರಲ್ಲಿ. ಬರೀ ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಹಿಡಿದು, ಎಲ್ಲ ಬದಿಯೂ ಕೋನವೂ ಸಮ ಇರುವ ಆಕೃತಿ ಬರೆಯೋದು ಹಳೇ ಗ್ರೀಕರ ಆಟ. ಮೂರು ಬದಿಯದು, ಐದು ಬದಿಯದು ಅವರಿಗೆ ಬರುತ್ತಿತ್ತು. ಏಳು ಬದಿಯದು ಬರಲಿಲ್ಲ. ಆಮೇಲೆ ಸುಮಾರು ಎರಡು ಸಾವಿರ ವರ್ಷ, ಹೀಗೆ ಬರೆಯಬಹುದಾದ ಬದಿಗಳ ಲೆಕ್ಕಕ್ಕೆ ಹೊಸ ಅವಿಭಾಜ್ಯ ಸಂಖ್ಯೆ ಯಾವುದೂ ಸೇರಲಿಲ್ಲ. 1796ರಲ್ಲಿ ಜರ್ಮನಿಯ ಗೌಸ್ ಎಂಬ 18 ವರ್ಷದ ಹುಡುಗ, ಹದಿನೇಳು ಬದಿಯ ಆಕೃತಿಯನ್ನು ಹೀಗೆ ಬರೆಯಲು ಸಾಧ್ಯ ಅಂತ ತೋರಿಸಿಬಿಟ್ಟ! ಯಾಕೆ ಸಾಧ್ಯ? 17ರಲ್ಲಿ ಒಂದು ಕಳೆದರೆ 16. ಅದನ್ನು ಅರ್ಧ ಮಾಡುತ್ತಾ ಹೋಗಿ: 8, 4, 2, 1. ಲೆಕ್ಕದಲ್ಲಿ ಒಂದೊಂದು ಅರ್ಧಕ್ಕೂ ಒಂದೊಂದು ವರ್ಗಮೂಲ ಸಾಕು, ವರ್ಗಮೂಲ ತೆಗೆಯೋದು ಕೈವಾರಕ್ಕೆ ಗೊತ್ತು. ಏಳರಲ್ಲಿ ಒಂದು ಕಳೆದರೆ 6, ಅರ್ಧ ಮಾಡಿದರೆ 3, ಅಲ್ಲಿಗೆ ಗಾಡಿ ನಿಂತಿತು.

ಇಂಥ ಅವಿಭಾಜ್ಯ ಸಂಖ್ಯೆಗಳು ಇವತ್ತಿಗೂ ಗೊತ್ತಿರೋದು ಐದೇ: 3, 5, 17, 257, 65537. ಒಂದು ಕಳೆದು, ಉಳಿದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಒಂದು ಕೂಡಿಸಿದರೆ ಸಾಲಿನ ಮುಂದಿನದು ಸಿಗುತ್ತದೆ. ಹಾಗೆ 65537ರ ಮುಂದಿನದು 4294967297. ಅದೂ ಅವಿಭಾಜ್ಯವೇ ಅಂತ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಎಂಬ ಇನ್ನೊಬ್ಬ ಗಣಿತಜ್ಞ ಅದನ್ನು 641ರಿಂದ ಶೇಷವಿಲ್ಲದೆ ಭಾಗಿಸಿ ತೋರಿಸಿದರು. ದೊಡ್ಡವರ ಊಹೆಯೂ ತಪ್ಪುತ್ತದೆ ನೋಡಿ.

ಮನೆಯಲ್ಲೇ ಮಾಡಿ ನೋಡುವಂಥದ್ದು ಇನ್ನೊಂದಿದೆ. ಒಂದನ್ನು 17ರಿಂದ ಭಾಗಿಸಿದರೆ 0.0588235294117647 ಬಂದು, ಮತ್ತೆ 0588 ಅಂತ ಮೊದಲಿಂದ ಶುರುವಾಗುತ್ತದೆ. ಚುಕ್ಕಿಯ ಆಚೆ ಎಣಿಸಿ, ಸರಿಯಾಗಿ 16 ಅಂಕಿ. ಇಲ್ಲೂ ಅದೇ ಹದಿನಾರು! 17ರಿಂದ ಭಾಗಿಸುವಾಗ ಉಳಿಯಬಹುದಾದ ಶೇಷ 1ರಿಂದ 16ರ ತನಕ, ಅಷ್ಟೂ ಒಂದೊಂದು ಸಲ ಬಂದ ಮೇಲೇ ಮೊದಲಿನದು ತಿರುಗಿ ಬರುತ್ತದೆ. ಒಂದರ ಬದಲು ಎರಡನ್ನು ಭಾಗಿಸಿದರೂ ಅದೇ ಅಂಕಿಗಳು, ಅದೇ ಸಾಲು, ಶುರು ಮಾತ್ರ ಬೇರೆ ಕಡೆಯಿಂದ: 1176470588235294. ಮೊದಲ ಉತ್ತರದ ಆರಂಭದ ಎಂಟು ಅಂಕಿಗೆ ಕೊನೆಯ ಎಂಟನ್ನು ಕೂಡಿಸಿದರೆ ಸಾಲಾಗಿ ಎಂಟು ಸಲ ಒಂಬತ್ತು.

ಮೊಬೈಲಿನ ಕ್ಯಾಲ್ಕುಲೇಟರ್ ಅಷ್ಟೂ ಅಂಕಿ ತೋರಿಸದೇ ಇರಬಹುದು. ಮಗಳು ಕಾಗದದ ಮೇಲೇ ಮಾಡಲಿ. ಹದಿನೇಳರ ಮಗ್ಗಿ ಬೇಕಾಗುತ್ತದೆ, ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ: ಹದಿನೇಳೆಂಟ್ಲಿ ನೂರ ಮೂವತ್ತಾರು...